ನಾನು ಸೇರಿಸಿದ ಮಾತು

ಹೆಂಗಸರ ಆಸೆಯ ಬಗ್ಗೆ ಪುಸ್ತಕ ಬರೆಯುವ ಮೇಡಂ ನಮ್ಮ ಆಸ್ಪತ್ರೆಯ ಲಾಂಡ್ರಿಗೆ ಬಂದಾಗ ಉಳಿದವರೆಲ್ಲ ಮುಖ ತಿರುಗಿಸಿದರು. ನಾನು ಕೂತೆ. ಹೆಸರು ಹಾಕುವುದಿಲ್ಲ, ಓದಿದ ಹೆಂಗಸರ ಕಥೆ ಬೇಕಾದಷ್ಟಿದೆ, ನಿಮ್ಮಂಥವರದ್ದು ಬೇಕು ಎಂದರು. ಆ 'ನಿಮ್ಮಂಥವರು' ಕೇಳಿ ಮೈ ಉರಿಯಿತು. ಆದರೂ ಏಳಲಿಲ್ಲ. ಅಲ್ಲಿಯವರೆಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಹೇಳಹೋದರೆ ನನ್ನ ಹತ್ತಿರ ಏನೂ ಇರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರ. ಗಂಡ ಕೈ ಹಾಕುತ್ತಿದ್ದ, ನಾನು ನಾಳೆಯ ಕೆಲಸ ನೆನೆಯುತ್ತಾ ಮಲಗಿರುತ್ತಿದ್ದೆ. ಅಷ್ಟೇ. ಅದನ್ನು ಹೇಳಲು ನಾಚಿಕೆಯಾಯಿತು. ನಾದಿನಿಯದ್ದನ್ನು ನನ್ನದೆಂದು ಹೇಳಿಬಿಟ್ಟೆ.

ನಾದಿನಿ ಎಂದರೆ ಗಂಡನ ತಂಗಿ, ಗಂಡ ಸತ್ತವಳು, ನನ್ನ ಜೊತೆಗೇ ಕೆಲಸ. ಬೆಡ್‌ಶೀಟ್ ಮಡಚಲು ಇಬ್ಬರು ಎದುರೆದುರು ನಿಲ್ಲಬೇಕು. ಮೂಲೆಗೆ ಮೂಲೆ ಕೂಡಿಸಲು ಹತ್ತಿರ ಬಂದಾಗಲೆಲ್ಲ ಒಂದೊಂದು ಮಾತು ಹೇಳುತ್ತಾ, ನನಗೊಬ್ಬಳಿಗೇ ಅವಳು ಬಿಚ್ಚಿಟ್ಟಿದ್ದಳು. ಮಷೀನು ರಿಪೇರಿಯವನನ್ನು ತಾನೇ ಮನೆಗೆ ಕರೆದದ್ದು, ಚಿಲಕ ತಾನೇ ಹಾಕಿದ್ದು, ನಡುಗಿದ್ದು ಅವನ ಕೈ.

ಮೇಡಂ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಎಂಥವಳು ಅಂದುಕೊಂಡಾರೋ ಎಂದು ಹೆದರಿ ಕೊನೆಗೊಂದು ಮಾತು ಸೇರಿಸಿದೆ: ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗಿ ಮೂರು ದಿನ ಊಟ ಸೇರಲಿಲ್ಲ.

ಪುಸ್ತಕ ಬಂತು. ಊಟದ ಹೊತ್ತಲ್ಲಿ ನಮ್ಮ ಸೂಪರ್‌ವೈಸರಮ್ಮ ಅದನ್ನು ಜೋರಾಗಿ ಓದಿದಳು. ಮೇಡಂ ಎದುರು ಕೂತವಳು ನಾನೊಬ್ಬಳೇ, ಹಾಗಾಗಿ ಅದು ನನ್ನದೇ ಎಂದುಕೊಂಡರು ಎಲ್ಲರೂ. ಈ ಜಗಳಗಂಟಿಗೂ ಇಂಥದ್ದೆಲ್ಲ ಇತ್ತಾ ಎಂದು ಕಿಚಾಯಿಸಿದರು. ಹೇಸಿಗೆಯ ಸಾಲಿಗೆ ಬಂದಾಗ ಪಾಪ ಎಂದರು. ನಾದಿನಿ ಡಬ್ಬಿ ಮುಚ್ಚಿ ಎದ್ದುಹೋದಳು.

ಮಧ್ಯಾಹ್ನ ಮಡಚುವಾಗ ತಪ್ಪಾಯಿತು ಎಂದೆ. ನಾಲ್ಕು ಬೆಡ್‌ಶೀಟ್ ಮಡಚಿಟ್ಟೆವು. ಐದನೆಯದಕ್ಕೆ ಅವಳು ನನ್ನ ಕೈಯಿಂದ ಮೂಲೆ ತೆಗೆದುಕೊಳ್ಳುತ್ತಾ ಹೇಳಿದಳು.

"ಸಿಟ್ಟು ಕದ್ದಿದ್ದಕ್ಕಲ್ಲ ಅತ್ತಿಗೆ. ನಂಗೆ ಹೇಸಿಗೆ ಆಯ್ತು ಅಂತ ನಿಮಗ್ಯಾರು ಹೇಳಿದ್ರು? ಅವತ್ತು ನಾನು ಎರಡು ಸಲ ಬಡಿಸ್ಕೊಂಡು ಉಂಡಿದ್ದೆ."

ಬೇರೆ ದಿನವಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಅವತ್ತು ಮುಂದಿನ ಬೆಡ್‌ಶೀಟ್ ಎತ್ತಿಕೊಂಡೆ.

ಸಂಜೆ ಮೇಡಂಗೆ ಫೋನ್ ಮಾಡಿ, ಆ ಸಾಲು ಸುಳ್ಳು, ತೆಗೆಯಿರಿ ಎಂದೆ. ಓದಿದವರೆಲ್ಲ ಮೆಚ್ಚಿದ್ದು ಅದೇ ಸಾಲನ್ನಂತೆ. ಮುಂದಿನ ಮುದ್ರಣವಾದರೆ ನೋಡೋಣ ಎಂದರು.

ಮರುದಿನ ಊಟಕ್ಕೆ ಎಲ್ಲರೂ ಕೂತಿದ್ದಾಗ ನಾನು ನಿಂತೆ. ಅದು ನಾದಿನಿಯದ್ದೆಂದು ಹೇಳುವ ಹಾಗಿರಲಿಲ್ಲ. ನನ್ನದೆಂದೇ ಹೇಳಬೇಕಿತ್ತು.

"ಹೇಸಿಗೆ ಆಯ್ತು ಅನ್ನೋದು ಸುಳ್ಳು. ಖುಷಿಯಾಗಿತ್ತು. ಹೊಟ್ಟೆ ತುಂಬ ಉಂಡಿದ್ದೆ."

ಈ ಸಲ ಯಾರೂ ನಗಲಿಲ್ಲ, ಪಾಪ ಎನ್ನಲೂ ಇಲ್ಲ. ಸೂಪರ್‌ವೈಸರಮ್ಮ ತನ್ನ ಡಬ್ಬಿಯನ್ನು ನನ್ನಿಂದ ದೂರ ಸರಿಸಿಕೊಂಡಳು. ನಾದಿನಿ ತಲೆ ತಗ್ಗಿಸಿ ನಿಧಾನವಾಗಿ ಉಣ್ಣುತ್ತಿದ್ದಳು. ಅವಳ ಪಕ್ಕ ಜಾಗವಿತ್ತು. ಕೂರಲು ಮುಖವಿಲ್ಲದೆ ನಿಂತೇ ಉಂಡೆ.