ಉಸಿರು ಬಿಡದ ಮುದುಕ

ನಮ್ಮ ಆಸ್ಪತ್ರೆಯ ಎಂಆರ್‌ಐ ಯಂತ್ರಕ್ಕೆ ಹೊಸ ವಿದ್ಯೆ ಬಂದಿತ್ತು. ರೋಗಿ ಉಸಿರು ಹಿಡಿಯಬೇಕಿಲ್ಲ, ತನ್ನ ಪಾಡಿಗೆ ಉಸಿರಾಡುತ್ತಿದ್ದರೆ ಸಾಕು. ಎದೆಯ ಏರಿಳಿತ ನೋಡಿಕೊಂಡು ಯಂತ್ರವೇ ಹೃದಯದ ಚಿತ್ರವನ್ನು ಅಲುಗದಂತೆ ಸರಿಪಡಿಸಿಕೊಳ್ಳುತ್ತದೆ. ಇದನ್ನು ನಡೆಸುವ ನನಗೆ ದೇವರು ಮೊದಲು ಕೊಟ್ಟಿದ್ದು ಸಾಲ್ಬಂಗಾನ್‌ನನ್ನು.

ಸೆಂಪೋರ್ನಾ ಕಡಲಿನವನು, ದೋಣಿಯಲ್ಲೇ ಬದುಕುವ ಬಜಾವ್ ಜನದ ಮುದುಕ. ಅರವತ್ತೆಂಟಾದರೂ ಬರಿಮೈಯಲ್ಲಿ ಮುಳುಗಿ, ತಳದಲ್ಲಿ ತೆವಳುವ ಕಡಲಸೌತೆ ಎಂಬ ಜೀವಿಯನ್ನು ಹಿಡಿದು ತರುವವನು. ಎರಡು ಸಲ ದೋಣಿಯಲ್ಲಿ ಎಚ್ಚರ ತಪ್ಪಿದ್ದ. ಹೃದಯದಲ್ಲಿ ಗಾಯದ ಕಲೆ ಕಂಡರೆ ಇನ್ನು ಮುಳುಗುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಅಜ್ಜ, ಸುಮ್ನೆ ಉಸಿರಾಡ್ತಾ ಮಲಗು, ಅಷ್ಟೇ" ಎಂದೆ.

ಯಂತ್ರ ಬಡಿಯತೊಡಗಿದ್ದೇ ಮುದುಕ ಎದೆ ತುಂಬ ಗಾಳಿ ಎಳೆದು ನಿಲ್ಲಿಸಿಬಿಟ್ಟ. ಚಿತ್ರ ಹಿಡಿಯಲು, ಉಸಿರು ಹೊರಹೋಗುವ ಗಳಿಗೆಗೆ ಯಂತ್ರ ಕಾದಿತು. ನಾನೂ ಕಾದೆ. ಮೂರು ನಿಮಿಷವಾದರೂ ತೆರೆಯ ಮೇಲೆ ಉಸಿರಿನ ಗೆರೆ ಅಲುಗಲಿಲ್ಲ. ಮೈಕಿಗೆ ಬಾಗಿ ಕೂಗಿದೆ.

"ಅಜ್ಜಾ, ಉಸಿರು ಬಿಡೋ!"

ನಾಲ್ಕನೇ ನಿಮಿಷಕ್ಕೆ ಉತ್ತರ ಬಂತು. "ಸುಮ್ನಿರಮ್ಮ. ಡಾಕ್ಟ್ರು ನೋಡ್ಲಿ. ಇಷ್ಟು ಹೊತ್ತು ತಡೆಯೋನಿಗೆ ಕಾಯಿಲೆ ಅಂತಾರಾ?"

ಐದು ಸಲ ಇದೇ ಆಯಿತು. ಜನ ಉಸಿರು ಹಿಡಿಯಲಾರದೆ ಒದ್ದಾಡುತ್ತಾರೆಂದು ತಂದ ವಿದ್ಯೆ, ಉಸಿರಾಡಪ್ಪಾ ಎಂದು ಒಬ್ಬ ಮುದುಕನ ಕಾಲು ಹಿಡಿಯುತ್ತಿತ್ತು.

ಕೊನೆಗೆ, ಯಂತ್ರದ ಬಳಿ ಲೋಹ ಬರಬಾರದೆಂದು ಅವನ ಹೆಂಡತಿ ಜಾರಿಮಾಳ ಬಳೆ ಬಿಚ್ಚಿಸಿ ಒಳಗೆ ಕೂರಿಸಿದೆ. ಗಂಡ ಮುಳುಗಿದಾಗ ದೋಣಿಯಲ್ಲಿ ಕೂತವಳು ತನ್ನ ಉಸಿರನ್ನೇ ಎಣಿಸುತ್ತ ಹೊತ್ತು ನೋಡುವುದು ಅವರ ರೂಢಿ.

"ಏ ಮುದುಕ, ಇವತ್ತು ನಾನು ಇಳೀತೀನಿ, ಇಲ್ಲೇ ಕೂತು ಉಸಿರು ಹಿಡೀತೀನಿ" ಎಂದಳು. "ನೀನು ಮೇಲಿದ್ದು ನಿನ್ನ ಉಸಿರು ಎಣಿಸು, ಮನಸ್ಸಲ್ಲೇ. ಏರುಪೇರಾದ್ರೆ ನನ್ನ ಪ್ರಾಣ ಹೋಗುತ್ತೆ, ಹುಷಾರು!"

ಆಮೇಲೆ ತುಟಿ ಬಿಚ್ಚಲಿಲ್ಲ. ಕುರ್ಚಿಯಲ್ಲಿ ಕೂತು ಹಾಯಾಗಿ ಎಲೆಯಡಿಕೆ ಜಗಿದಳು. ಕೊಳವೆಯೊಳಗಿನವನಿಗೆ ಅದೆಲ್ಲಿ ಕಾಣಬೇಕು! ತೆರೆಯ ಗೆರೆ ಒಂದೇ ಸಮನೆ ಏರಿಳಿಯಿತು. ಇಪ್ಪತ್ತು ನಿಮಿಷದಲ್ಲಿ ಚಿತ್ರವೆಲ್ಲ ಸಿಕ್ಕಿತು, ಬಲು ಸ್ವಚ್ಛವಾಗಿ. ಕಲೆಯೂ ಅಷ್ಟೇ ಸ್ವಚ್ಛವಾಗಿ ಕಂಡಿತು.

ಮುಳುಗಬೇಡವೆಂದು ಡಾಕ್ಟರು ಹೇಳಿದಾಗ ಮುದುಕ ಜಗಳ ತೆಗೆಯಲೇ ಇಲ್ಲ. ಹೆಂಡತಿಯನ್ನೇ ಬೆರಗಾಗಿ ನೋಡುತ್ತಿದ್ದ.

"ನಾನು ಇನ್ನೂರ ಹನ್ನೊಂದು ಉಸಿರು ಎಣಿಸೋವರೆಗೂ ತಡೆದ್ಳು! ನಾನೇ ಯಾವತ್ತೂ ಅರವತ್ತು ದಾಟಿಲ್ಲ. ಇಂಥವಳನ್ನ ನಲವತ್ತು ವರ್ಷ ದೋಣೀಲಿ ಕೂರಿಸಿಬಿಟ್ನಲ್ಲ! ನಾಳೆಯಿಂದ ಇವಳೇ ಇಳೀಲಿ. ನಾನು ಎಣಿಸ್ತೀನಿ."

ನೀರಲ್ಲಿ ಹತ್ತು ಉಸಿರೂ ನಿಲ್ಲಲಾರೆನೆಂದು ಬಳೆ ಬಿಚ್ಚುವಾಗ ಅವಳೇ ನನಗೆ ಹೇಳಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಜಾರಿಮಾ ನನ್ನ ಕೈ ಚಿವುಟಿದಳು.

"ಇಳೀತೀನಿ ಬಿಡು" ಎಂದಳು ಗಂಡನಿಗೆ. "ಆದ್ರೆ ನೀನು ದೋಣೀಲೇ ಕೂತಿರ್ಬೇಕು, ಎಣಿಸೋದು ನಿಲ್ಲಿಸ್ಬಾರ್ದು."