ಒಂದು ಗೇಣು ಒಳಮಡಿಕೆ

ಚಳಿಗಾಲದ ಕೊನೆ, ಮಧ್ಯಾಹ್ನ ಮೂರರ ಹೊತ್ತು. ಪರದೆಯಕ್ಕ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ನೆಲದ ಮೇಲೆ ಹರಡಿದ ಬಟ್ಟೆಯ ನಡುವೆ ಮಂಡಿಯೂರಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದರೆ ನಾದಿನಿ. ಅವಳ ಪಕ್ಕದಲ್ಲಿ, ಒಂದರ ಮೇಲೊಂದು ಮೂರು ಸ್ವೆಟರು ತೊಟ್ಟು, ಕೈ ಇಳಿಸಲಾಗದೆ ಎರಡು ಬದಿಗೂ ಚಾಚಿಕೊಂಡು ನಿಂತ ನಾಲ್ಕು ವರ್ಷದ ಮಗಳು.

“ಮೂರೇ ತಿಂಗಳು ಅತ್ತಿಗೆ,” ಎಂದಳು ನಾದಿನಿ, ಹೊಸ್ತಿಲ ಆಚೆಯೇ ನಿಂತು. “ಆಸ್ಪತ್ರೇಲಿ ಕೆಲಸ ಸಿಕ್ಕಿದೆ. ಹರಿದ ಹಾಸುಬಟ್ಟೆ ಹೊಲಿಯೋದು. ಇರೋಕೆ ಅವರೇ ಜಾಗ ಕೊಡ್ತಾರೆ, ಆದ್ರೆ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ. ಬೇರೆ ರೂಮು ಸಿಕ್ಕಿದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ.”

ಬಾಯಲ್ಲಿ ಸೂಜಿ ಇದ್ದುದರಿಂದ ಪರದೆಯಕ್ಕ ಸುಮ್ಮನೆ ತಲೆಯಾಡಿಸಿದಳು. ಕೇಳುವುದಕ್ಕಾದರೂ ಏನಿತ್ತು? ನಾದಿನಿಯ ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಮೊದಮೊದಲು ತಿಂಗಳಿಗೊಂದು ಕಾಗದ ಬರೆದ, ಆಮೇಲೆ ವರ್ಷಕ್ಕೊಂದು, ಆಮೇಲೆ ಅದೂ ಇಲ್ಲ.

ಪರದೆಯಕ್ಕನ ಮೂವರು ಗಂಡುಮಕ್ಕಳಲ್ಲಿ ಕಿರಿಯವನು ಬಾಗಿಲ ಸಂದಿಯಿಂದ ಇಣುಕಿ, “ಅಮ್ಮಾ, ಅತ್ತೆ ಒಂದು ಮೂಟೆ ತಂದಿದ್ದಾರೆ,” ಎಂದ. ಅವತ್ತಿನಿಂದ ಆ ಹುಡುಗಿಗೆ ಮೂಟೆ ಎಂಬ ಹೆಸರೇ ನಿಂತಿತು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಗಂಡ ಅಂಚೆಯ ವ್ಯಾನು ಓಡಿಸುತ್ತಿದ್ದ. ಪರದೆಯಕ್ಕ ಅಂಗಡಿಯೊಂದಕ್ಕೆ ಕಿಟಕಿ ಪರದೆ ಹೊಲಿದುಕೊಡುತ್ತಿದ್ದಳು. ಅಂಗಡಿಯವರು ಬೇಡವೆಂದ ತುಂಡು, ಗಿರಾಕಿಗಳು ತೆಗೆದೆಸೆದ ಹಳೆಯ ಪರದೆ, ಎಲ್ಲವೂ ಮಂಚದ ಕೆಳಗಿನ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಗಂಡನ ಖಾಕಿ ಪ್ಯಾಂಟು ಮಂಡಿಯಲ್ಲಿ ಸವೆದರೆ ಹಿರಿಯ ಮಗನಿಗೆ ಚಡ್ಡಿ. ಅದು ನಡುವಿನವನಿಗೆ ಇಳಿದು ಹಿಂಭಾಗ ತೆಳುವಾದರೆ ಶಾಲೆಯ ಚೀಲ. ಚೀಲದ ತಳ ಕಿತ್ತರೆ ಒಲೆಯ ಮೇಲಿನ ಬಿಸಿ ಪಾತ್ರೆ ಹಿಡಿಯುವ ಬಟ್ಟೆ. “ನಮ್ಮನೇಲಿ ಬಟ್ಟೆ ಸಾಯಲ್ಲ ಕಣ್ರೋ, ಬರೀ ವರ್ಗ ಆಗುತ್ತೆ,” ಎಂದು ಗಂಡ ಮಕ್ಕಳಿಗೆ ಹೇಳುತ್ತಿದ್ದ. ಬಿಸಿ ಪಾತ್ರೆ ಇಳಿಸುವಾಗಲೆಲ್ಲ, “ನನ್ನ ಪ್ಯಾಂಟಿಗೆ ಈ ವಯಸ್ಸಲ್ಲಿ ಅಡುಗೆ ಕೆಲಸ,” ಎಂದು ನಿಟ್ಟುಸಿರು ಬಿಡುತ್ತಿದ್ದ.

ಮೂಟೆಗೆ ಮಲಗಲು ಜಾಗ ಬೇಕಾಯಿತು. ಕೆಳಗಿನ ಅಂಗಡಿಗೆ ಸೈಕಲ್ ಬಂದಿದ್ದ ಮರದ ಪೆಟ್ಟಿಗೆಯ ಹಲಗೆ ಕಳಚಿ ಗಂಡ ಒಂದು ಭಾನುವಾರ ಪುಟ್ಟ ಮಂಚ ಮಾಡಿದ. ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ಮೇಲ್ಮುಖದ ಬಾಣ, ಅದರ ಪಕ್ಕದಲ್ಲಿ ಒಡೆಯುವ ಸಾಮಾನಿನ ಗುರುತಿನ ಗಾಜಿನ ಲೋಟ. ಬಾಣ ಇರುವ ಕಡೆಗೇ ತಲೆ ಇಟ್ಟು ಮಲಗಬೇಕು, ಇಲ್ಲದಿದ್ದರೆ ಒಳಗಿನ ಸಾಮಾನು ಬುಡಮೇಲಾಗುತ್ತದೆ ಎಂದು ಕಿರಿಯವನು ಅವಳನ್ನು ನಂಬಿಸಿದ. ಮೂಟೆ ಪ್ರತಿ ಸಂಜೆ ದಿಂಬು ಇಡುವ ಮೊದಲು ಬಾಣವನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದಳು. ಒಂಟಿ ಕಾಲುಚೀಲಗಳಿಂದ ಅವಳಿಗೆ ಒಂದು ಬೊಂಬೆ ಆಯಿತು. ಗುಂಡಿ ಪೆಟ್ಟಿಗೆಯಲ್ಲಿ ಜೋಡಿ ಸಿಗದೆ ಬೊಂಬೆಗೆ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. “ಇದು ಯಾವಾಗಲೂ ಏನೋ ಕೇಳೋ ಹಾಗಿದೆ,” ಎಂದಳು ಮೂಟೆ.

ಫ್ರಾಕು ಹೊಲಿದದ್ದು ಅವಳು ಬಂದ ವಾರವೇ. ಯಾವುದೋ ದೊಡ್ಡ ಮನೆಯ ಹಳೆಯ ನೀಲಿ ಪರದೆ, ಒಳ್ಳೆಯ ದಪ್ಪ ಹತ್ತಿಯದು. ಬಿಸಿಲು ತಿಂದ ಅಂಚು ಬಿಟ್ಟು ನಡುವಿನದನ್ನು ಪರದೆಯಕ್ಕ ಕತ್ತರಿಸಿದಳು. ಅಂಗಿಯ ಮೇಲೆ ತೊಡುವಂಥ, ತೋಳಿಲ್ಲದ ಫ್ರಾಕು. ಪಕ್ಕದ ಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಳು. ಕೆಳಗಡೆ ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ವರ್ಷಕ್ಕೊಂದು ಬಿಚ್ಚಲು ಬರುವಂತೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿದಳು.

ಚಹಾ ಹೀರುತ್ತಿದ್ದ ಗಂಡ ಬಗ್ಗಿ ನೋಡಿದ. “ಇದೇನೇ, ಫ್ರಾಕಿಗಿಂತ ಮಡಿಕೆನೇ ಜಾಸ್ತಿ ಇದೆ?”

“ಬೆಳೆಯೋ ಮಗು.”

“ಮೂರು ತಿಂಗಳಲ್ಲಿ ಅಷ್ಟು ಬೆಳೆದ್ರೆ ಸರ್ಕಸ್‌ನವರು ಹುಡುಕ್ಕೊಂಡು ಬರ್ತಾರೆ.”

ಪರದೆಯಕ್ಕ ನಗಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದಳು.

ಮೂರು ತಿಂಗಳು ಆರಾಯಿತು, ಆರು ಹನ್ನೆರಡಾಯಿತು. ನಾದಿನಿಯ ಕಾಗದ ಬರುತ್ತಿತ್ತು. ರೂಮು ಸಿಕ್ಕಿಲ್ಲ. ಸಿಕ್ಕಿತ್ತು, ಮಗು ಅಂದ ಕೂಡಲೇ ಮನೆಯವರು ಬೇಡ ಅಂದರು. ಈ ಸಲ ಖಂಡಿತ. ಕಾಗದ ಓದಿಸಿಕೊಂಡು ಪರದೆಯಕ್ಕ, “ಅಯ್ಯೋ ಪಾಪ,” ಅನ್ನುತ್ತಿದ್ದಳು. ಅನ್ನುವಾಗಲೇ ಎದೆಯೊಳಗೆ ಏನೋ ಹಗುರವಾಗುತ್ತಿತ್ತು. ಅದು ಹಗುರವಾದದ್ದು ತನಗೇ ಗೊತ್ತಾಗಿ, ಆವತ್ತಿಡೀ ಎಲ್ಲರ ಮೇಲೂ ರೇಗುತ್ತಿದ್ದಳು. ನಾದಿನಿ ವರ್ಷಕ್ಕೆರಡು ಸಲ ಬಂದು ಒಂದು ದಿನ ಇದ್ದು ಹೋಗುತ್ತಿದ್ದಳು. ಮೂಟೆ ಅಮ್ಮನ ಮುಂದೆ ನೆಂಟರ ಮುಂದೆ ಕೂರುವ ಹಾಗೆ ಕೈಕಟ್ಟಿ ಕೂರುತ್ತಿದ್ದಳು.

ವರ್ಷ ತುಂಬಿದ ಮೇಲೆ ಫ್ರಾಕಿನ ಮೊದಲ ಮಡಿಕೆ ಬಿಚ್ಚಿದ್ದಾಯಿತು. ಹಳೆಯ ಅಂಚಿದ್ದ ಕಡೆ ಸುತ್ತಲೂ ಬಿಳಿಚಿದ ಗೆರೆ ಉಳಿಯಿತು. ಆ ಗೆರೆಗಿಂತ ಕೆಳಗಿನ ಹೊಸ ನೀಲಿಯನ್ನು ಮೂಟೆ ಎಲ್ಲರಿಗೂ ತೋರಿಸಿಕೊಂಡು ಬಂದಳು. “ನಾನು ಇಷ್ಟು ಜಾಸ್ತಿ ಆದೆ.”

ಎರಡು ವರ್ಷಕ್ಕೆ ಒಂದು ವಾರ ಬಾಕಿ ಇದ್ದಾಗ, ಸೋಮವಾರ ಸಂಜೆ, ನಾದಿನಿ ಬಂದಳು. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತಳು.

“ರೂಮು ಸಿಕ್ತು ಅತ್ತಿಗೆ. ಬುಧವಾರ ಕರ್ಕೊಂಡು ಹೊರಡ್ತೀನಿ.”

ಮೂಟೆ ಪರದೆಯಕ್ಕನ ಸೆರಗಿನ ಹಿಂದೆ ನಿಂತಿದ್ದಳು. “ಅಲ್ಲಿ ಚಿಕ್ಕಣ್ಣ ಇರ್ತಾನಾ?” ಎಂದು ಕಿರಿಯವನ ಕಡೆ ಬೆರಳು ತೋರಿಸಿದಳು.

“ಇಲ್ಲ ಮರಿ. ನಾನು ಇರ್ತೀನಿ.”

“ಬಾಣ ಇರೋ ಮಂಚ ಇದ್ಯಾ?”

ನಾದಿನಿಗೆ ಅರ್ಥವಾಗಲಿಲ್ಲ. ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಎದ್ದು ಚಹಾಕ್ಕೆ ನೀರಿಡಲು ಹೋದಳು.

ಮಂಗಳವಾರ ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದ, ಮೂಟೆ ಸೇರಿ ಮಕ್ಕಳೆಲ್ಲ ಶಾಲೆಯಲ್ಲಿದ್ದರು. ಹೆಂಗಸರಿಬ್ಬರೇ ಹುಡುಗಿಯ ಬಟ್ಟೆ ಜೋಡಿಸುತ್ತಿದ್ದರು. ಪರದೆಯಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಕಿಟಕಿಯ ಪರದೆಗೆ ಅಂಚು ಹೊಡೆಯುತ್ತಿದ್ದಳು. ನಾದಿನಿ ಇಸ್ತ್ರಿ ಮಾಡಲೆಂದು ನೀಲಿ ಫ್ರಾಕನ್ನು ತಿರುವಿ ಹಾಕಿದಳು. ತಿರುವಿದವಳು ಹಾಗೇ ನಿಂತಳು. ಮಡಿಕೆಯ ಮೇಲೆ ಬೆರಳಾಡಿಸಿದಳು. ಬಿಳಿಚಿದ ಗೆರೆಯಿಂದ ಒಳಗಿನ ಕೊನೆಯ ಅಂಚಿನವರೆಗೆ ಕೈ ಅಗಲಿಸಿ ಅಳೆದಳು.

“ಇದನ್ನ ಯಾವಾಗ ಹೊಲಿದ್ರಿ ಅತ್ತಿಗೆ?”

ಯಂತ್ರದ ಸದ್ದು ನಿಂತಿತು. “ಯಾಕೆ?”

“ಒಂದು ಬಿಚ್ಚಿದ್ದೀರ. ಇನ್ನೂ ಎರಡು ಇದೆ.”

“ಬಟ್ಟೆ ಉಳಿದಿತ್ತು. ಕತ್ತರಿಸೋಕೆ ಮನಸ್ಸು ಬರಲಿಲ್ಲ.”

“ನಂಗೆ ಸೂಜಿ ಹಿಡಿಯೋದು ಕಲಿಸಿದ್ದೇ ನೀವು. ಇದೇ ಯಂತ್ರದ ಮುಂದೆ ಕೂರಿಸ್ಕೊಂಡು. ಗಿರಾಕಿ ಮಕ್ಕಳಿಗೆ ಎರಡು ಬೆರಳು ಮಡಿಕೆ ಬಿಡು, ಮನೆ ಮಕ್ಕಳಿಗೆ ಒಂದು ಗೇಣು ಬಿಡು ಅಂದಿದ್ರಿ.” ನಾದಿನಿಯ ದನಿ ಏರಲಿಲ್ಲ. “ಯಾವಾಗ ಹೊಲಿದ್ರಿ?”

“ನೀನು ಬಿಟ್ಟು ಹೋದ ವಾರ.”

ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದು ಹೊಡೆದು ಪರೀಕ್ಷೆ ಮಾಡುತ್ತಿದ್ದರು.

“ಮೂರು ತಿಂಗಳು ಅಂತ ಹೇಳಿ ಹೋಗಿದ್ದೆ ನಾನು. ಬರಲ್ಲ ಅಂದ್ಕೊಂಡ್ರಾ?”

ಪರದೆಯಕ್ಕ ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ತಲೆಯಾಡಿಸಿ ತಪ್ಪಿಸಿಕೊಳ್ಳಲು ಈ ಸಲ ಬಾಯಲ್ಲಿ ಸೂಜಿಯೂ ಇರಲಿಲ್ಲ.

“ಬರಲ್ಲ ಅಂದ್ಕೊಳ್ಳಲಿಲ್ಲ,” ಎಂದಳು. “ಬರದೇ ಇದ್ರೆ ಸಾಕು ಅಂದ್ಕೊಂಡೆ.”

ನಾದಿನಿ ಫ್ರಾಕನ್ನು ಮಡಚಲು ಹೋದಳು. ಅರ್ಧಕ್ಕೇ ಬಿಟ್ಟಳು. ಅದನ್ನು ತಂದು ಅತ್ತಿಗೆಯ ಮಡಿಲಿಗೆ ಹಾಕಿದಳು. “ಹಾಗಿದ್ರೆ ಇಟ್ಕೊಳ್ಳಿ. ನನ್ನ ಹತ್ರ ಏನಿದೆ? ಒಂದು ರೂಮು, ಒಂದು ಕಿಟಕಿ. ನಾನು ಕೆಲಸಕ್ಕೆ ಹೋದ್ರೆ ಪಕ್ಕದ ಮನೆ ಅಜ್ಜಿ ನೋಡ್ಕೋಬೇಕು. ನಿನ್ನೆಯಿಂದ ಮಗು ನನ್ನ ಹತ್ರ ಎರಡು ಸಲ ಬಂದಿದೆ. ಎರಡು ಸಲಾನೂ ನಿಮ್ಮನ್ನ ಹುಡುಕ್ಕೊಂಡು. ಇಟ್ಕೊಳ್ಳಿ ಅತ್ತಿಗೆ. ನಾನೇನೂ ಅಂದ್ಕೊಳ್ಳಲ್ಲ.”

ಎರಡು ವರ್ಷದಿಂದ ಪರದೆಯಕ್ಕ ಕಾದಿದ್ದ ಮಾತು ಅದು. ಹೂಂ ಅಂದಿದ್ದರೆ ಮುಗಿದಿತ್ತು. ಅವಳು ಫ್ರಾಕಿನ ಅಂಚನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು, ತನ್ನ ಹೊಲಿಗೆಯನ್ನು ತಾನೇ ಎಂದೂ ಕಾಣದವಳ ಹಾಗೆ.

“ಎಡಗೈಲಿ ಸೂಜಿ ಹಿಡೀತಾಳೆ,” ಎಂದಳು ಕೊನೆಗೆ. “ನಿನ್ನ ಹಾಗೇ. ಎಷ್ಟು ತಿದ್ದಿದ್ರೂ ಬಲಗೈಗೆ ಬರಲ್ಲ. ನಿನ್ನನ್ನ ತಿದ್ದಿ ತಿದ್ದಿ ಸಾಕಾಗಿತ್ತು ನಂಗೆ, ಇದು ಎರಡನೇ ಸಲ.”

ನಾದಿನಿ ಗೋಡೆಗೊರಗಿ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳುವ ಹಾಗಿರಲಿಲ್ಲ.

“ಇಲ್ಲಿ ಬಾ. ನೋಡ್ಕೋ,” ಎಂದಳು ಪರದೆಯಕ್ಕ. “ಈ ಕೆಳಗಿನದನ್ನ ಮುಂದಿನ ವಾರ ಬಿಚ್ಚು, ವರ್ಷ ತುಂಬುತ್ತೆ. ಕೊನೇದನ್ನ ಅದರ ಮುಂದಿನ ವರ್ಷ. ಬ್ಲೇಡು ಹಾಕಬೇಡ, ದಾರದ ತುದಿ ಎಡಗಡೆ ಗಂಟು ಹಾಕಿದೀನಿ, ಹಿಡಿದು ಎಳೆದ್ರೆ ಪೂರ್ತಿ ಬರುತ್ತೆ. ಪಕ್ಕದಲ್ಲೂ ಎರಡೆರಡು ಬೆರಳು ಇದೆ. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡು, ಇಲ್ಲದಿದ್ರೆ ಗೆರೆ ಹೋಗಲ್ಲ.”

“ಗೆರೆ ಇರಲಿ ಬಿಡಿ,” ಎಂದಳು ನಾದಿನಿ.

ನಾದಿನಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಪರದೆಯಕ್ಕ ಅರ್ಧಕ್ಕೆ ನಿಂತ ಅಂಚನ್ನು ಮುಗಿಸಿದಳು.

ಬೆಳಗಿನ ಏಳೂವರೆಯ ಬಸ್ಸು. ಗಂಡ ವ್ಯಾನನ್ನು ನಿಲ್ದಾಣದ ಹೊರಗೆ ನಿಲ್ಲಿಸಿ ಐದು ನಿಮಿಷ ಬಂದು ಹೋದ. ಹುಡುಗರು ಮೂವರೂ ತಲೆ ಬಾಚದೆ ಬಂದಿದ್ದರು. ಕಿರಿಯವನು, “ಸೀಟಲ್ಲಿ ಬಾಣ ಇದ್ಯಾ ನೋಡೇ ಮೂಟೆ,” ಎಂದು ಕೂಗಿದ. ಆ ಮೇಲೆ ಅವನು ಯಾರ ಕಡೆಗೂ ನೋಡಲಿಲ್ಲ.

ಪರದೆಯಕ್ಕ ಕಿಟಕಿಯ ಕೆಳಗೆ ನಿಂತಿದ್ದಳು. ಮೂಟೆ ಕೈ ಬೀಸಲಿಲ್ಲ. ಅವಳಿಗೆ ಕಿಟಕಿಯ ಗಾಜು ಸರಿಸುವುದರಲ್ಲೇ ಧ್ಯಾನ. ಎಡಗೈಯಿಂದ ಕೊಂಡಿ ಒತ್ತಿ, ನಾಲಿಗೆ ಕಚ್ಚಿಕೊಂಡು ತಳ್ಳುತ್ತಿದ್ದಳು. ತಾಯಿ ಪಕ್ಕದಿಂದ ಬಗ್ಗಿ, ತನ್ನ ಎಡಗೈಯನ್ನೂ ಅದರ ಮೇಲಿಟ್ಟು ಒತ್ತಿದಳು. ಗಾಜು ಸರಿಯುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು.

ತಾಯಿ ಮಗಳು ಇಬ್ಬರೂ ಹೋದರು. ಅವತ್ತು ಬುಧವಾರ.