ಯಾರಿಗೂ ಹೇಳದ ಜ್ವರ

ಹವಾ ಬದಲಾದರೆ ಮಕ್ಕಳಿಗೆ ಜ್ವರ ಬರುತ್ತದೆ, ಗಂಟಲು ನೋಯುತ್ತದೆ. ಯಾರ ಮನೆಯಲ್ಲಿ ಇಲ್ಲ ಹೇಳಿ? ಔಷಧಿ ಅಂಗಡಿಯಿಂದ ಒಂದು ಸಿರಪ್ ತರುತ್ತೇವೆ, ಒಂದೆರಡು ದಿನ ಶಾಲೆ ಬಿಡಿಸುತ್ತೇವೆ, ಆಮೇಲೆ ಮಗು ಮತ್ತೆ ಬೀದಿಯಲ್ಲಿ ಕುಣಿಯುತ್ತಿರುತ್ತದೆ. ಕುಶನ್ ಮೇಸ್ತ್ರಿಯ ಮನೆಯಲ್ಲೂ ಹಾಗೇ ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಮೇಸ್ತ್ರಿಯದು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಮೈ ಕೊಡುವ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ತುಂಬ ಸ್ಪಂಜಿನ ಹಾಳೆಗಳು, ನಾರಿನ ಮೂಟೆಗಳು, ರೆಕ್ಸಿನ್ ಸುರುಳಿಗಳು. ಅವನಿಗೆ ಒಬ್ಬಳೇ ಮಗಳು, ಎಂಟು ವರ್ಷ. ಬಾಯಿಗೆ ಬಿಡುವೇ ಕೊಡದೆ ಮಾತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಗಿರಾಕಿ ಕುರ್ಚಿ ಕೆಳಗಿಳಿಸುವ ಮುಂಚೆಯೇ, "ಯಾವ ಬಣ್ಣ ಬೇಕು? ನಮ್ಮಪ್ಪ ನೀಲಿ ಚೆನ್ನಾಗಿ ಹಾಕ್ತಾರೆ" ಎಂದು ವ್ಯಾಪಾರ ಶುರು ಮಾಡಿಬಿಡುತ್ತಿದ್ದಳು.

ಆ ಸಲ ರಜೆಗೆ ಮೇಸ್ತ್ರಿಯ ತಂಗಿಯ ಮಗಳು ಬಂದಿದ್ದಳು. ಗಿಣಿಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಲೋಟದಲ್ಲಿ ನೀರು ಕುಡಿದು, ಸ್ಪಂಜಿನ ರಾಶಿಯ ಮೇಲೆ ಹಾರಿ ಬಿದ್ದು ಬೈಸಿಕೊಂಡರು. ತಂಗಿ ಮಗಳು ತನ್ನ ಊರಿಗೆ ಹೊರಟ ದಿನವೇ ಗಿಣಿ, "ಅಪ್ಪಾ, ನುಂಗಕ್ಕಾಗ್ತಿಲ್ಲ" ಎಂದಳು.

ಸಿರಪ್ ಬಂತು. ಜ್ವರ ಹೆಚ್ಚೇನೂ ಇರಲಿಲ್ಲ, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಆದರೆ ಗಿಣಿಯ ದನಿ ಒಡೆಯಿತು. ಕತ್ತು ಎರಡೂ ಕಡೆ ಊದಿತು. ಉಸಿರೆಳೆದಾಗ ಗೊರಗೊರ ಸದ್ದು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಅವಳ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಬೇಕಾದ ಔಷಧಿ ಇರಲಿಲ್ಲ. ಬೇರೆ ಊರಿನಿಂದ ತರಿಸುವಷ್ಟರಲ್ಲಿ ಕಾಯಿಲೆಯ ವಿಷ ಮಗುವಿನ ಹೃದಯಕ್ಕೆ ಏರಿತ್ತು. ಗಿಣಿ ಉಳಿಯಲಿಲ್ಲ.

ಅಂಟುರೋಗದ ಅನುಮಾನ ಇದೆ ಎಂದು ಆಸ್ಪತ್ರೆಯವರು ಹೇಳಿದ್ದರೂ, ಏನಾಗಿತ್ತು ಎಂದು ಕೇಳಿದವರಿಗೆಲ್ಲ ಮೇಸ್ತ್ರಿ, "ಹಾರ್ಟು ವೀಕ್ ಇತ್ತಂತೆ" ಎಂದ. ಎದುರು ದಿನಸಿ ಅಂಗಡಿಯ ಯಜಮಾನರು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದ್ದರು: "ನೋಡಪ್ಪ, ಅಂಟುರೋಗ ಗಿಂಟುರೋಗ ಅಂತ ಬಾಯಿ ಬಿಡಬೇಡ. ಬೀದಿಗೇ ಬೇಲಿ ಹಾಕ್ತಾರೆ. ನಿನ್ನ ಕೈಲಿ ಆಮೇಲೆ ಯಾರೂ ಕುರ್ಚಿ ಹೊಲಿಸಲ್ಲ, ನನ್ನ ಅಂಗಡಿಲಿ ಯಾರೂ ಅಕ್ಕಿ ಕೊಳ್ಳಲ್ಲ." ಅವರು ಕೆಟ್ಟವರಲ್ಲ. ಗಿಣಿಗೆ ದಿನಾ ಪೆಪ್ಪರ್‌ಮೆಂಟು ಕೊಡುತ್ತಿದ್ದವರು ಅವರೇ.

ಕೆಲವು ದಿನ ಕಳೆಯಿತು. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆಂದು ಮೇಸ್ತ್ರಿ ಅಂಗಡಿಯ ಬಾಗಿಲು ತೆಗೆದು ಒಂದು ಕುರ್ಚಿಯ ಹಳೆಯ ಮೊಳೆ ಕೀಳುತ್ತಾ ಕೂತಿದ್ದ. ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬರು ಬೀದಿಗೆಲ್ಲ ಗೊತ್ತಿದ್ದ ನರ್ಸಕ್ಕ. ಇನ್ನೊಬ್ಬರು ಕನ್ನಡಕದ, ನರೆಗೂದಲಿನ ಡಾಕ್ಟರಮ್ಮ.

"ಇವರು ಕಾಯಿಲೆಗಳ ಜಾಡು ಹಿಡಿಯೋ ಡಾಕ್ಟರು. ಯಾವ ಕಾಯಿಲೆ ಎಲ್ಲಿ ಹುಟ್ತು, ಯಾವ ದಾರಿ ಹಿಡೀತು, ಎಷ್ಟು ಜನಕ್ಕೆ ಬಂತು, ಅದರಲ್ಲಿ ಎಷ್ಟು ನಮ್ಮ ಕಿವಿಗೆ ಬಿತ್ತು ಅಂತ ಹುಡುಕೋದೇ ಇವರ ಸಂಶೋಧನೆ" ಎಂದರು ನರ್ಸಕ್ಕ.

ಮೇಸ್ತ್ರಿ ತಲೆ ಎತ್ತಲಿಲ್ಲ. "ಮಗು ಹೋದ್ಮೇಲೆ ಬಂದಿದೀರಿ."

"ಹೌದು. ತಡವಾಗಿ ಬಂದಿದೀವಿ" ಎಂದರು ಡಾಕ್ಟರಮ್ಮ. ಸಮಜಾಯಿಷಿ ಕೊಡಲಿಲ್ಲ. ಕೂರಲು ಅಪ್ಪಣೆಯನ್ನೂ ಕೇಳದೆ ನಾರಿನ ಮೂಟೆಯ ಮೇಲೆ ಕೂತರು. "ನಿಮ್ಮ ಮಗಳಿಗೆ ಬಂದಿದ್ದು ಗಂಟಲಮಾರಿ, ಡಿಫ್ತೀರಿಯಾ. ಆಸ್ಪತ್ರೆಯ ಪರೀಕ್ಷೆಯಲ್ಲಿ ಗೊತ್ತಾಯ್ತು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತೆ. ಕೆಮ್ಮಿದ್ರೆ, ಸೀನಿದ್ರೆ ಹತ್ತಿರ ಇರೋರಿಗೆ ಅಂಟುತ್ತೆ."

"ಚಿಕ್ಕೋಳಿದ್ದಾಗ ಚುಚ್ಚುಮದ್ದು ಹಾಕ್ಸಿದ್ವಲ್ಲ?"

ನರ್ಸಕ್ಕ ಮೆಲ್ಲಗೆ ಹೇಳಿದರು. "ಚಿಕ್ಕವಳಿದ್ದಾಗ ಆಗಿತ್ತು. ಐದನೇ ವರ್ಷದ್ದು ಆಗಿರಲಿಲ್ಲ. ಆವತ್ತು ನೆಗಡಿ ಅಂತ ವಾಪಸ್ ಕರ್ಕೊಂಡು ಹೋದ್ರಿ. ಆಮೇಲೆ ನೀವೂ ಮರೆತ್ರಿ, ನಾನೂ ಮತ್ತೆ ಬಂದು ಕೇಳಲಿಲ್ಲ."

ಮೇಸ್ತ್ರಿಯ ಕೈಯಲ್ಲಿದ್ದ ಇಕ್ಕಳ ನಿಂತಿತು. "ಅಷ್ಟು ದೊಡ್ಡ ಆಸ್ಪತ್ರೆ. ಅಲ್ಲಿ ಔಷಧಿ ಯಾಕಿರಲಿಲ್ಲ? ಅದನ್ನ ಹೇಳಿ ಮೊದಲು."

ಡಾಕ್ಟರಮ್ಮ ಕನ್ನಡಕ ತೆಗೆದರು. "ಈ ಊರಲ್ಲಿ ಗಂಟಲಮಾರಿ ಇಲ್ಲವೇ ಇಲ್ಲ ಅಂತ ಲೆಕ್ಕ ಹೇಳ್ತಿತ್ತು. ಇಲ್ಲದ ಕಾಯಿಲೆಗೆ ಔಷಧಿ ಯಾರು ತರಿಸಿಡ್ತಾರೆ? ಆದ್ರೆ ಕಾಯಿಲೆ ಇತ್ತು. ನಿನ್ನೆ ಮನೆಮನೆ ವಿಚಾರಿಸುವಾಗ ಗೊತ್ತಾಯ್ತು. ಮೈದಾನದ ಆಚೆ ಒಂದು ಮಗುವಿಗೆ ನಿಮ್ಮ ಮಗಳಿಗಿಂತ ಮುಂಚೆನೇ ಹೀಗೇ ಆಗಿತ್ತು. ಅದು ಹೇಗೋ ಉಳ್ಕೊಂಡಿದೆ. ಮನೆಯವರು ಹೇಳಲಿಲ್ಲ, ನೋಡಿದ ಡಾಕ್ಟರೂ ತಿಳಿಸಲಿಲ್ಲ."

"ಯಾರ ಮನೆ?"

"ಅದನ್ನ ಹೇಳಲ್ಲ. ನಿಮ್ಮ ಮನೆ ವಿಷಯವನ್ನೂ ಅವರಿಗೆ ಹೇಳಲ್ಲ."

"ಅವರು ಹೇಳಿದ್ರೆ ನನ್ನ ಮಗಳು ಉಳೀತಿದ್ಲಾ?"

"ಖಂಡಿತ ಉಳೀತಿದ್ಲು ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ. ಆದ್ರೆ ಆವತ್ತೇ ಗೊತ್ತಾಗಿದ್ರೆ ನಾವು ಈ ಬೀದಿಗೂ ಬಂದಿರ್ತಿದ್ವಿ. ಬಿಟ್ಟುಹೋದ ಚುಚ್ಚುಮದ್ದು ಹಾಕಿರ್ತಿದ್ವಿ. ಔಷಧಿನೂ ಆಸ್ಪತ್ರೆಗೆ ಬಂದಿರ್ತಿತ್ತು." ಅವರು ಚೀಲದಿಂದ ಪುಸ್ತಕ ತೆಗೆದು ಕೇಳಿದರು: "ನಿಮ್ಮ ಮಗಳ ಜೊತೆ ಯಾರ್ಯಾರು ಇದ್ರು? ಮನೆಗೆ ಯಾರಾದ್ರೂ ಬಂದಿದ್ರಾ?"

ಮೇಸ್ತ್ರಿಗೆ ತಂಗಿಯ ಮುಖ ಕಣ್ಣೆದುರು ಬಂತು. ಅವಳ ಅತ್ತೆ ಮನೆಯವರು ಮೊದಲೇ ಕೊಂಕು ತೆಗೆಯುವ ಜನ. ತವರಿಗೆ ಹೋಗಿ ರೋಗ ತಂದಳು ಎಂದರೆ ಅವಳ ಬಾಳು ಏನಾದೀತು? "ಯಾರೂ ಬಂದಿರಲಿಲ್ಲ" ಎಂದ.

ಡಾಕ್ಟರಮ್ಮ ಅವನನ್ನು ಒಂದು ಗಳಿಗೆ ನೋಡಿದರು. ಗಂಡ ಹೆಂಡತಿ ಇಬ್ಬರ ಗಂಟಲನ್ನೂ ಪರೀಕ್ಷಿಸಿ, ಕಾಯಿಲೆ ಬಾರದಂತೆ ಮಾತ್ರೆ ಕೊಟ್ಟು, ಫೋನ್ ನಂಬರು ಬಿಟ್ಟು ಹೊರಟರು.

ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾಕ್ರೀ ಸುಳ್ಳು ಹೇಳಿದ್ರಿ?"

"ತಂಗಿ ಮನೆಯವರು ಏನಂತಾರೆ ಗೊತ್ತಲ್ಲ ನಿಂಗೆ. ಅವಳಿಗೆ ಉಳಿಗಾಲ ಇರಲ್ಲ." ಅವನು ಇಕ್ಕಳವನ್ನು ನೆಲಕ್ಕೆ ಎಸೆದ. "ಆ ಮೈದಾನದ ಆಚೆಯವರು ಸಿಗಲಿ ನನಗೆ. ಬಾಯಿ ಬಿಟ್ಟಿದ್ರೆ ನಮ್ಮ ಮಗು..."

"ಅವರ ಮನೇಲೂ ಹಿಂಗೇ ಮಾತಾಡ್ಕೊಂಡಿರ್ತಾರೆ" ಎಂದಳು ಹೆಂಡತಿ. "ಯಾರೇನಂತಾರೋ ಅಂತ ಹೆದ್ರಿರ್ತಾರೆ. ಈಗ ನೀವು ಹೆದರಿದೀರಲ್ಲ, ಹಂಗೇ."

ಮೇಸ್ತ್ರಿ ಆ ಕಾಣದ ಮನೆಯವರನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದ್ದನೋ, ಆ ಶಾಪವೆಲ್ಲ ತನ್ನ ಮನೆಯ ಬಾಗಿಲಿಗೇ ಬಂದು ನಿಂತಿತ್ತು. ಫೋನು ಎತ್ತಿ ತಂಗಿಗೆ ಮಾಡಿದ.

"ಮಗು ಹೇಗಿದೆಯಮ್ಮ?"

"ಚೆನ್ನಾಗಿದಾಳೆ ಅಣ್ಣ. ಐಸ್‌ಕ್ರೀಮ್ ತಿಂದು ಗಂಟಲು ಕೆಡಿಸ್ಕೊಂಡಿದಾಳೆ, ಅಷ್ಟೇ. ನಿನ್ನೆಯಿಂದ ಏನೂ ತಿಂತಿಲ್ಲ. ನಿನ್ನ ದುಃಖದಲ್ಲಿ ಇದನ್ನೆಲ್ಲ ಯಾಕೆ ಹೇಳೋದು ಅಂತ ಸುಮ್ನಿದ್ದೆ."

"ಟಾರ್ಚು ಹಾಕಿ ಬಾಯೊಳಗೆ ನೋಡು. ಈಗಲೇ ನೋಡು. ನಾನು ಕಾಯ್ತೀನಿ."

ಅತ್ತ ಕಡೆ ಡಬ್ಬಗಳನ್ನು ಸರಿಸುವ ಸದ್ದು, "ಆ ಅನ್ನು ಪುಟ್ಟ" ಎನ್ನುವ ದನಿ. ಆಮೇಲೆ ತಂಗಿ ಫೋನಿಗೆ ಬಂದಳು. "ಅಣ್ಣ, ಏನೋ ಬೂದು ಬೂದಾಗಿ ಅಂಟ್ಕೊಂಡಿದೆ."

"ಅದನ್ನ ಮುಟ್ಟಬೇಡ. ಹೊರಡು ಆಸ್ಪತ್ರೆಗೆ. ಯಾರೇನಂದ್ರೂ ನನ್ನ ಹೆಸರು ಹೇಳು."

ಅವನು ಡಾಕ್ಟರಮ್ಮನಿಗೆ ಫೋನ್ ಮಾಡಿದ. "ಸುಳ್ಳು ಹೇಳಿದ್ದೆ ಮೇಡಂ" ಎಂದ. ಅವರು ಬೈಯಲಿಲ್ಲ. ಊರು ಯಾವುದು, ಮಗುವಿನ ವಯಸ್ಸೆಷ್ಟು, ಉಸಿರಾಟ ಹೇಗಿದೆ ಎಂದಷ್ಟೇ ಕೇಳಿದರು. ಆ ಊರಿನ ಆರೋಗ್ಯಾಧಿಕಾರಿಗೆ ಸುದ್ದಿ ಹೋಯಿತು. ತಾಯಿ ಮಗು ಆಸ್ಪತ್ರೆ ಮುಟ್ಟುವಾಗ ಅಲ್ಲಿನ ಡಾಕ್ಟರಿಗೆ ಇದು ಯಾವ ಕಾಯಿಲೆ ಎಂದು ಮೊದಲೇ ಗೊತ್ತಿತ್ತು. ಗಿಣಿಯ ಸಾವಿನ ನಂತರ ತರಿಸಿಟ್ಟಿದ್ದ ಔಷಧಿ ಅದೇ ಸಂಜೆ ಜೀಪಿನಲ್ಲಿ ಅಲ್ಲಿಗೆ ಹೊರಟಿತು.

ತಂಗಿಯ ಮಗಳು ಬದುಕಿದಳು. ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು, ಕಾಯಿಲೆಯ ವಿಷದಿಂದ ಅಂಗುಳ ಸೋತು ಮೂಗಿನಲ್ಲಿ ಮಾತಾಡುತ್ತಾ ಮನೆಗೆ ಬಂದಳು, ನಿಧಾನವಾಗಿ ಅದೂ ಸರಿಹೋಯಿತು. ಅತ್ತೆ ಮನೆಯವರು ಮಾತಾಡದೆ ಬಿಡಲಿಲ್ಲ. ಆದರೆ ಅವರ ಗಂಟಲನ್ನೂ ಪರೀಕ್ಷಿಸಿ ಎಲ್ಲರಿಗೂ ಮಾತ್ರೆ ಕೊಟ್ಟಾಗ ದನಿ ಸ್ವಲ್ಪ ಇಳಿಯಿತು.

ಫೋನ್ ಮಾಡಿದ ಮರುದಿನವೇ ಮೇಸ್ತ್ರಿ ಡಾಕ್ಟರಮ್ಮನ ಜೊತೆ ತಾನೇ ಬೀದಿಗಿಳಿದ. ಬಾಗಿಲು ಹಾಕಿಕೊಂಡಿದ್ದ ಮನೆಗಳು ಅವನ ದನಿ ಕೇಳಿ ತೆರೆದವು. ಮಗಳನ್ನು ಕಳೆದುಕೊಂಡವನಿಗೆ ಹೋಗು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. "ನಮ್ಮ ಹುಡುಗಿಗೆ ಗಂಟಲಮಾರಿ ಬಂದಿತ್ತು. ಹಾರ್ಟು ವೀಕ್ ಇರಲಿಲ್ಲ" ಎಂದು ಪ್ರತಿ ಬಾಗಿಲಲ್ಲೂ ಹೇಳಿದ. ಒಂದು ಮನೆಯನ್ನೂ ಬಿಡಲಿಲ್ಲ.

ಎದುರು ಅಂಗಡಿಯ ಯಜಮಾನರು ಮಾತ್ರ ಜಗ್ಗಲಿಲ್ಲ. "ಊರೆಲ್ಲ ಗುಲ್ಲು ಮಾಡಿ ಏನು ಸಿಗುತ್ತಪ್ಪ?" ಎಂದರು.

ನರ್ಸಕ್ಕ ಕೇಳಿದರು: "ನಿಮ್ಮ ಗೋಡೌನಲ್ಲಿ ವೈರು ಸುಟ್ಟ ವಾಸನೆ ಬಂದ್ರೆ ಏನ್ ಮಾಡ್ತೀರಿ ಯಜಮಾನ್ರೇ?"

"ಮೇನು ಆಫ್ ಮಾಡಿ ಲೈನ್‌ಮನ್ನಿಗೆ ಹೇಳಿ ಕಳಿಸ್ತೀನಿ."

"ಗಿರಾಕಿ ಹೆದರ್ತಾರೆ ಅಂತ ಸುಮ್ನಿರಲ್ಲ ಅಲ್ವಾ? ಇದೂ ಹಾಗೇ. ನಾವು ಬೇಲಿ ಹಾಕೋಕೆ ಬಂದಿಲ್ಲ. ಕಿಡಿ ಎಲ್ಲಿದೆ ಅಂತ ನೋಡೋಕೆ ಬಂದಿದೀವಿ."

ಯಜಮಾನರು ತಕ್ಕಡಿಯ ತಟ್ಟೆ ಒರೆಸಿದರು, ಮತ್ತೊಮ್ಮೆ ಒರೆಸಿದರು. ಕೊನೆಗೆ ಬಾಯಿ ತೆರೆದು ಟಾರ್ಚಿಗೆ ಒಡ್ಡಿದರು. "ಇದ್ದ ಹಲ್ಲನ್ನ ಎಣಿಸಿ ಯಾರಿಗೂ ಹೇಳಬೇಡಿ" ಎಂದರು. ಆ ವಾರ ಬೀದಿಯಲ್ಲಿ ಯಾರಾದರೂ ನಕ್ಕಿದ್ದು ಅದೊಂದೇ ಸಲ.

ಮೇಸ್ತ್ರಿಯ ಅಂಗಡಿಯಲ್ಲೇ ಚುಚ್ಚುಮದ್ದು ಹಾಕಿದರು. ಮಕ್ಕಳು ಸ್ಪಂಜಿನ ಮೇಲೆ ಸಾಲಾಗಿ ಕೂತರು. ಅವನ ಹೆಂಡತಿ ಅಳುವ ಮಕ್ಕಳ ತೋಳು ಹಿಡಿದುಕೊಂಡಳು. ಗಂಟಲಲ್ಲಿ ರೋಗಾಣು ಇದ್ದ ಮಕ್ಕಳು ಸಿಕ್ಕಿದರು. ಕಾಯಿಲೆ ಬೀಳುವ ಮುಂಚೆಯೇ ಅವರಿಗೆ ಮದ್ದು ಆಯಿತು. ಬೇಲಿ ಯಾರೂ ಹಾಕಲಿಲ್ಲ. ಸ್ವಲ್ಪ ದಿನ ಗಿರಾಕಿಗಳು ಬರಲಿಲ್ಲ ನಿಜ, ಆಮೇಲೆ ಬಂದರು.

ಕೆಲಸ ಮುಗಿದು ಹೊರಡುವಾಗ ಮೇಸ್ತ್ರಿ ಡಾಕ್ಟರಮ್ಮನನ್ನು ಕೇಳಿದ: "ನಿಮ್ಮ ಲೆಕ್ಕದಲ್ಲಿ ನನ್ನ ಮಗಳು ಬಂದ್ಲಾ?"

"ಬಂದಳು. ಹೆಸರು ಬರೆಯಲ್ಲ, ಆದ್ರೆ ಇದ್ದಾಳೆ. ಈ ಊರಲ್ಲಿ ಈ ಕಾಯಿಲೆ ಇಲ್ಲ ಅಂತ ಇನ್ನು ಯಾರೂ ಹೇಳಕ್ಕಾಗಲ್ಲ."

ಅವನು ತಲೆಯಾಡಿಸಿದ. ಅದು ಸಮಾಧಾನವಲ್ಲ. ಆದರೆ ಬರಿಗೈಯೂ ಅಲ್ಲ.

ಕೆಲವು ತಿಂಗಳ ಮೇಲೆ ಎದುರು ಅಂಗಡಿಯ ಯಜಮಾನರು ಚಪ್ಪಲಿ ಮೆಟ್ಟಲೂ ಮರೆತು ಬೀದಿ ದಾಟಿ ಬಂದರು. "ಮೇಸ್ತ್ರಿ, ಮೊಮ್ಮಗಳಿಗೆ ಜ್ವರ, ಗಂಟಲು ನೋವು. ಆ ನಂಬರು ಕೊಡು. ಏನೂ ಇಲ್ದಿದ್ರೂ ಪರವಾಗಿಲ್ಲ, ಹೇಳಿಬಿಡೋಣ." ಮೇಸ್ತ್ರಿ ತಾನೇ ನಂಬರು ಒತ್ತಿ ಫೋನನ್ನು ಅವರ ಕಿವಿಗಿಟ್ಟ. ನರ್ಸಕ್ಕ ಬಂದು ನೋಡಿದರು. ಬರೀ ನೆಗಡಿ. ಅಷ್ಟು ತಿಳಿದು ಆ ಮನೆಯವರು ನೆಮ್ಮದಿಯಾಗಿ ಊಟ ಮಾಡಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಗುವಿಗೆ ನುಂಗಲು ಆಗುತ್ತಿಲ್ಲವೇ, ಕತ್ತು ಊದಿದೆಯೇ, ಗಂಟಲಲ್ಲಿ ಪೊರೆ ಕಾಣುತ್ತಿದೆಯೇ? ಅಂಗಡಿ ಸಿರಪ್ ನಂಬಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಬೀದಿಯಲ್ಲಿ ಒಂದೇ ಥರದ ಜ್ವರ, ಭೇದಿ, ಕಾಮಾಲೆ ಹಲವರಿಗೆ ಬಂದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಿಟ್ಟುಹೋದ ಚುಚ್ಚುಮದ್ದನ್ನು ಈಗಲಾದರೂ ಹಾಕಿಸಿ. ಮನೆಗೆ ಬಂದು ಕೇಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವು ಆಡುವ ಆ ಒಂದು ಮಾತು, ನೀವು ಮುಖವನ್ನೇ ನೋಡದ ಇನ್ನೊಂದು ಮಗುವಿಗೆ ಹೊತ್ತಿಗೆ ಸಿಗುವ ಔಷಧಿ.